ದೀಪ ಹತ್ತಿದ ಉತ್ತರ

ಧಾರವಾಡದ ಸಪ್ತಾಪುರದಲ್ಲಿ ಯಮನೂರಪ್ಪ ಬಾರಕೇರನ ಖಾನಾವಳಿ ಎಂದರೆ ಕೋಚಿಂಗ್ ಕ್ಲಾಸಿನ ಮಕ್ಕಳಿಗೆಲ್ಲ ಗೊತ್ತು. ಮಧ್ಯಾಹ್ನವಾಯಿತೆಂದರೆ ಬೆಂಚು ಹಿಡಿಯಲು ನೂಕಾಟ. ಹುಡುಗರು ರೊಟ್ಟಿ ಮುರಿದು ಬದನೆಕಾಯಿ ಎಣಗಾಯಿಗೆ ಅದ್ದುತ್ತಾ, ಊಟದ ನಡುವೆಯೇ ಪಾಠ ಒಪ್ಪಿಸುತ್ತಿದ್ದರು.

"ನನ್ನ ದೌರ್ಬಲ್ಯ ಏನೆಂದರೆ ಸರ್, ನನಗೆ ಮನೆಯವರ ಮೇಲೆ ಮಮತೆ ಹೆಚ್ಚು. ಅವರಿಗೆ ಏನಾದರೂ ಆದರೆ ನನಗೆ ಕೈಕಾಲು ಆಡುವುದಿಲ್ಲ."

"ಲೇ, 'ಮಮತೆ' ಅನ್ನೂ ಮುಂದ ನಿಮ್ಮವ್ವನ ಮಾರಿ ನೆನಸ್ಕೊ ಅಂದಾರ ಹೊಸಮನಿ ಸರ್. ಬರೇ ಬಾಯಿಪಾಠ ಹೇಳಿದ್ರ ದೀಪ ಹತ್ತೂದಿಲ್ಲ."

"ಕಾಕಾ, ಇನ್ನೊಂದ್ ರೊಟ್ಟಿ."

"ಕೊಡ್ತೇನಿ. ಮೊದ್ಲ ಇದನ್ನ ಹೇಳು, ನಿಮ್ಮವ್ವ ಈ ಪಾಠ ಕೇಳಿದ್ರ ಏನಂದಾಳು?" ಎಂದು ಯಮನೂರಪ್ಪ ರೊಟ್ಟಿ ಬುಟ್ಟಿ ಹಿಡಿದುಕೊಂಡೇ ಕೇಳುತ್ತಿದ್ದ.

"ಏನೂ ಅನ್ನೂದಿಲ್ಲ ಕಾಕಾ. ನೌಕರಿ ಬಂದ್ರ ಪೇಢೆ ಹಂಚ್ತಾಳ."

ಎಲ್ಲರೂ ನಕ್ಕರು. ಮೂಲೆಯ ಮೇಜಿನಲ್ಲಿ ಒಬ್ಬಳೇ ಕೂತು ಉಣ್ಣುತ್ತಿದ್ದ ಯಮನೂರಪ್ಪನ ಹೆಂಡತಿ ಕಸ್ತೂರಿ ನಗಲಿಲ್ಲ. ಸಿಟ್ಟೂ ಮಾಡಿಕೊಳ್ಳಲಿಲ್ಲ. ಆ ಉತ್ತರವನ್ನು ಒಂದು ಕಾಲಕ್ಕೆ ಅವಳೂ ಇದೇ ಬೆಂಚಿನ ಮೇಲೆ ಕೂತು ಒಪ್ಪಿಸಿದವಳೇ.

ಈ ಪ್ರಶ್ನೆಯ ಕಥೆ ಸ್ವಲ್ಪ ಹೇಳಬೇಕು. ಸಂದರ್ಶನಕ್ಕೆ ಹೋದವರನ್ನು "ನಿಮ್ಮ ದೌರ್ಬಲ್ಯ ಏನು?" ಎಂದು ಕೇಳುವುದು ಹಿಂದಿನಿಂದಲೂ ಇತ್ತು. ಆಗ ಯಾರೂ ನಿಜ ಹೇಳುತ್ತಿರಲಿಲ್ಲ. ಕೆಲಸ ಹಿಡಿದರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ ಎನ್ನುತ್ತಿದ್ದರು, ಎಲ್ಲವೂ ಅಚ್ಚುಕಟ್ಟಾಗಿರಬೇಕು ಎನ್ನುವ ಹಟ ನನ್ನದು ಎನ್ನುತ್ತಿದ್ದರು. ದಾರಿಯಲ್ಲಿ ಸಿಕ್ಕವರು ಊಟ ಆಯಿತೇ ಎಂದು ಕೇಳಿ, ಉತ್ತರ ಕಿವಿಗೆ ಬೀಳುವ ಮೊದಲೇ ಮುಂದೆ ಹೋಗುತ್ತಾರಲ್ಲ, ಅಷ್ಟೇ ಅದರ ಬೆಲೆ.

ಆಮೇಲೆ ನೇವರಿಕೆ ಕುರ್ಚಿ ಬಂತು. ಮನುಷ್ಯ ತನ್ನ ದೌರ್ಬಲ್ಯವನ್ನು ನಿಜವಾಗಿ ನೆನೆದಾಗ, ಮಿದುಳಿನಲ್ಲಿ ಅದು ಕೂತ ಜಾಗ ನೀರು ಬಿದ್ದ ಮಣ್ಣಿನ ಹಾಗೆ ಮೆತ್ತಗಾಗುತ್ತದೆ. ಸುಮ್ಮನೆ ಬಿಟ್ಟರೆ ಮತ್ತೆ ಮೊದಲಿನಂತೆಯೇ ಗಟ್ಟಿಯಾಗುತ್ತದೆ. ಮೆತ್ತಗಿದ್ದಾಗ ಮೇಲಿಂದ ಬಹಳ ಸಣ್ಣದೊಂದು ವಿದ್ಯುತ್ತನ್ನು ಹಾಯಿಸಿದರೆ, ಗಟ್ಟಿಯಾಗುವಾಗ ಗುರುತು ಉಳಿಯುತ್ತದೆ, ಸೆಳೆತ ಹೋಗಿರುತ್ತದೆ. ನೆನಪು ಹೋಗುವುದಿಲ್ಲ, ತಿಳಿವಳಿಕೆ ಹೋಗುವುದಿಲ್ಲ, ನೋವೂ ಆಗುವುದಿಲ್ಲ. ಕುತ್ತಿಗೆಯ ಹಿಂದೆ ಒಂದು ಬಟ್ಟೆಯ ಪಟ್ಟಿ, ಮೇಜಿನ ಮೇಲೊಂದು ಹಳದಿ ದೀಪ, ಪ್ರಶ್ನೆ ಕೇಳುವವರ ಕೈಯಲ್ಲಿ ಒಂದು ಗುಂಡಿ. ಮಣ್ಣು ಮೆತ್ತಗಾದರೆ ದೀಪ ಹತ್ತುತ್ತದೆ, ಗುಂಡಿ ಒತ್ತುತ್ತಾರೆ, ನೇವರಿಕೆ ಮುಗಿಯಿತು. ಸುಳ್ಳು ಹೇಳಿದರೆ ದೀಪವಿಲ್ಲ. ದೀಪವಿಲ್ಲದಿದ್ದರೆ ಕೆಲಸವಿಲ್ಲ.

ಪಾಪ, ನಿಜ ಹೇಳಲು ಹೋದವರಿಗೂ ದೀಪ ಹತ್ತಲಿಲ್ಲ. ನಾನು ಸೋಮಾರಿ, ನನಗೆ ಮೂಗಿನ ತುದಿಯಲ್ಲಿ ಕೋಪ ಎಂದು ಬಾಯಿ ಏನೋ ಹೇಳುತ್ತಿತ್ತು. ಸಾಲಾಗಿ ಕೂತ ಅಧಿಕಾರಿಗಳ ಎದುರು ಸೋಮಾರಿತನ ಎಲ್ಲಿಂದ ಬರಬೇಕು, ಕೋಪ ಎಲ್ಲಿಂದ ಬರಬೇಕು? ಹೆದರಿಕೆಯೊಂದೇ. ಆಗ ಹೊಸಮನಿ ಸರ್ ಎಂಬ ಕೋಚಿಂಗ್ ಮೇಷ್ಟ್ರು ಒಂದು ಉಪಾಯ ಕಂಡುಹಿಡಿದರು. ಎಂಥಾ ಹೆದರಿಕೆಯಲ್ಲೂ ಅವ್ವನನ್ನೋ ಮಗುವನ್ನೋ ನೆನೆಸಿಕೊಂಡರೆ ದೀಪ ಹತ್ತಿಯೇ ಹತ್ತುತ್ತದೆ. ಮನೆಯವರ ಮೇಲಿನ ಮಮತೆಯನ್ನೇ ದೌರ್ಬಲ್ಯ ಅಂತ ಹೇಳಿರಿ, ಕೇಳಲೂ ಚಂದ, ಮರ್ಯಾದೆಗೂ ಕುಂದಿಲ್ಲ ಎಂದರು. ಅವರ ಕ್ಲಾಸಿನ ಮಕ್ಕಳೆಲ್ಲ ಪಾಸಾದರು. ಮರುವರ್ಷ ಊರಿಗೆ ಊರೇ ಆ ಉತ್ತರ ಕಲಿಯಿತು.

ಆ ಮಮತೆ ಎಲ್ಲರಲ್ಲೂ ನಿಜವಾಗಿ ಇದ್ದದ್ದರಿಂದಲೇ ದೀಪ ಹತ್ತುತ್ತದೆ, ದೀಪ ಹತ್ತಿದ್ದರಿಂದಲೇ ಅದು ಹೋಗುತ್ತದೆ ಎಂದು ಮೊದಮೊದಲು ಯಾರೂ ಯೋಚನೆ ಮಾಡಲಿಲ್ಲ. ಗೊತ್ತಾದ ಮೇಲೂ ಗದ್ದಲವೇನೂ ಆಗಲಿಲ್ಲ. ಕಳೆದುಕೊಂಡವರು ದೂರು ಹೇಳಲಿಲ್ಲ. ಹೋದದ್ದಕ್ಕೆ ಅಳಬೇಕಾದ ಮನಸ್ಸೇ ಹೋಗಿತ್ತಲ್ಲ.

ಕಸ್ತೂರಿ ಆ ಮೊದಲ ಗುಂಪಿನವಳು. ಮದುವೆಯಾಗಿ, ಮಗಳು ಹೈಸ್ಕೂಲಿಗೆ ಹೋಗುವ ಹೊತ್ತಿಗೆ, ಅರ್ಧಕ್ಕೆ ಬಿಟ್ಟಿದ್ದ ಡಿಪ್ಲೊಮಾ ಮುಗಿಸಿ, ಹುಬ್ಬಳ್ಳಿಯ ವಿದ್ಯುತ್ ಹಂಚಿಕೆ ಕೇಂದ್ರದ ಕಂಟ್ರೋಲ್ ರೂಮಿಗೆ ಅರ್ಜಿ ಹಾಕಿದವಳು. ಕುರ್ಚಿಯಲ್ಲಿ ಕೂತು ಮಗಳ ಮುಖ ನೆನೆಸಿಕೊಂಡಳು. ದೀಪ ಹತ್ತಿತು. ಕೆಲಸ ಸಿಕ್ಕಿತು.

ಕಂಟ್ರೋಲ್ ರೂಮಿನಲ್ಲಿ ಗೋಡೆಯಷ್ಟಗಲದ ಪರದೆ. ಅದರ ತುಂಬ ಹಸಿರು ಕೆಂಪು ಗೆರೆಗಳು. ಬೇಸಿಗೆಯಲ್ಲಿ ಕರೆಂಟು ಸಾಲದೆ ಬಂದಾಗ ಯಾವ ಕಡೆಯ ಗೆರೆ ಆರಿಸಬೇಕು ಎಂದು ನಿರ್ಧರಿಸುವುದೇ ಅಲ್ಲಿಯವರ ಕೆಲಸ. ಹಿಂದೆ ಯಾವುದೋ ಕೇಂದ್ರದಲ್ಲಿ ಒಬ್ಬ ತನ್ನ ಓಣಿಯ ದೀಪ ಉಳಿಸಿಕೊಳ್ಳಲು ಹೋಗಿ ಎಳೆಗೂಸುಗಳ ಆಸ್ಪತ್ರೆಯನ್ನು ಕತ್ತಲಲ್ಲಿಟ್ಟಿದ್ದನಂತೆ. ಅಂದಿನಿಂದ ಇಂಥ ಕೆಲಸಕ್ಕೆ ನೇವರಿಸಿಕೊಂಡವರೇ ಬೇಕು ಎಂದರು. ಆ ಮಾತಿನಲ್ಲಿ ತಪ್ಪು ಹುಡುಕುವುದು ಕಷ್ಟ. ಕಸ್ತೂರಿಯೂ ಹುಡುಕಿರಲಿಲ್ಲ. ಪಾಳಿ ಬಂದಾಗ ಸಪ್ತಾಪುರದ ಗೆರೆಯನ್ನು ಬೇರೆ ಯಾವುದೇ ಗೆರೆಯ ಹಾಗೆಯೇ ಆರಿಸುತ್ತಿದ್ದಳು. ಆರಿಸಿ ಚಹಾ ಕುಡಿಯುತ್ತಿದ್ದಳು. ಚಹಾದ ರುಚಿ ಅವಳಿಗೆ ಚೆನ್ನಾಗಿಯೇ ತಿಳಿಯುತ್ತಿತ್ತು.

ಅಂಥ ದಿನ ಮನೆಗೆ ಬಂದರೆ ಯಮನೂರಪ್ಪ ಮೇಣದಬತ್ತಿ ಹಚ್ಚಿಟ್ಟುಕೊಂಡು ಹಿಟ್ಟು ನಾದುತ್ತಿರುತ್ತಿದ್ದ.

"ಬಂದ್ಲಪಾ ಕತ್ತಲಿ ಮಹಾರಾಣಿ. ಏನವಾ, ನಮ್ಮ ಮ್ಯಾಲ ಏನರ ಸಿಟ್ಟೈತೇನು?"

"ಸಿಟ್ಟಿಲ್ರಿ. ಇವತ್ತ ನಮ್ಮ ಓಣೀ ಪಾಳಿ ಇತ್ತು."

"ಸಿಟ್ಟರ ಇದ್ದಿದ್ರ ಚೊಲೊ ಇತ್ತ ನೋಡು," ಎನ್ನುತ್ತಿದ್ದ ಅವನು. ತಾನೇ ಹೇಳಿ ತಾನೇ ನಕ್ಕು, ಇಬ್ಬರ ಪಾಲಿನ ಮಾತನ್ನೂ ತಾನೇ ಆಡುವುದು ಅವನಿಗೆ ರೂಢಿಯಾಗಿ ಹೋಗಿತ್ತು.

ಮಗಳ ಹೆಸರು ಮಲಪ್ರಭಾ. ಹೊಳೆಯಲ್ಲಿ ಬಲೆ ಬೀಸಿ ಬದುಕಿದ ಅಜ್ಜ ಇಟ್ಟ ಹೆಸರು. ಮಗಳು ಒಂದು ಸೀನು ಸೀನಿದರೆ ಕೈಯಲ್ಲಿದ್ದದ್ದನ್ನು ಬಿಟ್ಟು ಓಡಿ ಬರುತ್ತಿದ್ದವಳು ಕಸ್ತೂರಿ. ಅದು ಅವಳಿಗೆ ನೆನಪಿತ್ತು. ಪಕ್ಕದ ಮನೆಯವರ ಸಂಗತಿ ನೆನಪಿರುವ ಹಾಗೆ ನೆನಪಿತ್ತು.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಸಂಜೆ ಮಲಪ್ರಭಾ ಹಂಚಿನ ಮೇಲಿನ ರೊಟ್ಟಿ ತಿರುವಲು ಹೋಗಿ ಅಂಗೈ ಸುಟ್ಟುಕೊಂಡಳು. ಚೀರಿದಳು. ಎರಡು ಮಾರು ದೂರದಲ್ಲಿ ಕಸ್ತೂರಿ ಉಣ್ಣುತ್ತಿದ್ದಳು. ತಲೆ ಎತ್ತಿ ನೋಡಿದಳು. ಕರುಳು ಚುರ್ ಎನ್ನಲಿಲ್ಲ.

"ತಣ್ಣೀರಾಗ ಹಿಡಿ. ಉಜ್ಜಬ್ಯಾಡ," ಎಂದಳು. ಹೇಳಿದ್ದು ಸರಿಯಾಗಿಯೇ ಇತ್ತು. ಹೇಳಿ, ಮುಂದಿನ ತುತ್ತನ್ನು ಪಲ್ಯಕ್ಕೆ ಅದ್ದಿದಳು. ಓಡಿ ಬಂದು ಹುಡುಗಿಯನ್ನು ನಲ್ಲಿಯ ಹತ್ತಿರ ಕರೆದುಕೊಂಡು ಹೋದವನು ಯಮನೂರಪ್ಪ. ಹುಡುಗಿ ತನ್ನ ಕೈ ನೋಡಿಕೊಳ್ಳುತ್ತಿರಲಿಲ್ಲ. ತಾಯಿಯ ಮುಖವನ್ನೇ ನೋಡುತ್ತಿದ್ದಳು.

ಆಮೇಲೆ ವರ್ಷಗಟ್ಟಲೆ ಹಾಗೆಯೇ ನೋಡಿದಳು. ಪರೀಕ್ಷೆಯಲ್ಲಿ ಹೆಚ್ಚು ಅಂಕ ಬಂದಾಗ ಬಂದು ಎದುರಿಗೆ ನಿಲ್ಲುವಳು. ಫೇಲಾದೆ ಎಂದು ಸುಳ್ಳು ಹೇಳಿಯೂ ನಿಂತು ನೋಡಿದಳು. ಮೊಣಕಾಲಿಗೆ ಬರುತ್ತಿದ್ದ ಜಡೆಯನ್ನು ಒಂದು ದಿನ ಕತ್ತರಿಸಿಕೊಂಡು ಬಂದಳು. "ಬ್ಯಾಸಗಿಗೆ ಚೊಲೊ ಆತು," ಎಂದಳು ಕಸ್ತೂರಿ. ನೀರು ಬಿಡುವ ದಿನವಲ್ಲ ಎಂದು ಗೊತ್ತಿದ್ದೂ ನಲ್ಲಿಯ ಕೆಳಗೆ ಕೊಡ ಇಟ್ಟು ಕೂತವರ ಹಾಗಿತ್ತು ಆ ಹುಡುಗಿಯ ಮುಖ. ಇದನ್ನೆಲ್ಲ ಕಸ್ತೂರಿ ಗಮನಿಸುತ್ತಿದ್ದಳು. ಗಮನಿಸುವುದಕ್ಕೆ ಏನೂ ಅಡ್ಡಿ ಇರಲಿಲ್ಲ.

ಈಗ ಮಲಪ್ರಭಾಳ ಇಂಜಿನಿಯರಿಂಗ್ ಮುಗಿದು, ತಾಯಿಯ ಕಂಟ್ರೋಲ್ ರೂಮಿನಿಂದಲೇ ಸಂದರ್ಶನಕ್ಕೆ ಕರೆ ಬಂತು. ಸಂದರ್ಶನ ನಡೆಸುವ ಮೂವರಲ್ಲಿ ಆ ಸರ್ತಿ ಪ್ರಶ್ನೆ ಕೇಳುವ ಪಾಳಿ ಕಸ್ತೂರಿಯದೇ. ಬೇರೆ ಕಡೆಯಾದರೆ ಸಂಬಂಧಿಕರನ್ನು ಸಂದರ್ಶನದಿಂದ ದೂರ ಇಡುತ್ತಾರೆ, ಇಲ್ಲಿ ಆ ಗೋಜಿರಲಿಲ್ಲ. ನೇವರಿಸಿಕೊಂಡವರು ಮಗಳು ಎಂದು ಪಕ್ಷಪಾತ ಮಾಡುವುದೆಲ್ಲಿಂದ ಬಂತು?

ಹಿಂದಿನ ದಿನ ಖಾನಾವಳಿ ಬಾಗಿಲು ಹಾಕಿ ಮೂವರೂ ಊಟಕ್ಕೆ ಕೂತರು.

"ಹೋಗಲೇಬೇಕೇನ ಪ್ರಭಾ?" ಎಂದ ಯಮನೂರಪ್ಪ. "ಇಲ್ಲೇ ಒಂದ್ ಮೋಟರ್ ರಿವೈಂಡಿಂಗ್ ಅಂಗಡಿ ಹಾಕ್ಕೊಡ್ತೀನಿ. ಓದಿದ್ದು ಹಾಳಾಗೂದಿಲ್ಲ."

"ಹೋಗ್ತೀನಪ್ಪಾ."

"ಹೋಗು. ಬ್ಯಾರೆ ಉತ್ತರಾನರ ಹೇಳು. ನನಗ ಜಿರಳಿ ಕಂಡ್ರ ಅಂಜಿಕಿ ಅನ್ನು. ಖರೇನ ಐತೆಲ್ಲ ಅದು! ಮೊನ್ನಿ ಹಿಟ್ಟಿನ ಡಬ್ಬಿ ಬಿಟ್ಟು ಓಣಿತನ ಓಡಿದ್ದಿ."

ಮಲಪ್ರಭಾ ನಕ್ಕಳು. "ಜಿರಳಿ ಕುರ್ಚಿ ಮ್ಯಾಲ ಇದ್ರ ದೀಪ ಹತ್ತೀತು. ಇಲ್ಲಂದ್ರ ಇಲ್ಲ. ನೀ ಚಿಂತಿ ಮಾಡಬ್ಯಾಡ. ಹೊಸಮನಿ ಸರ್ ಉತ್ತರಾ ನಾ ಹೇಳೂದಿಲ್ಲ."

"ಮತ್ತೇನ ಹೇಳ್ತಿ?"

ಅವಳು ಎದ್ದಳು. ತಾಟು ಎತ್ತಿಕೊಂಡು ಹಿತ್ತಲಿಗೆ ಹೋದಳು. ಯಮನೂರಪ್ಪ ಹೆಂಡತಿಯ ಕಡೆ ತಿರುಗಿ ದನಿ ಇಳಿಸಿದ.

"ಗುಂಡಿ ನಿನ್ನ ಕೈಯಾಗ ಇರತೈತಿ. ನನಗ ಉಳದಾಕಿ ಆಕಿ ಒಬ್ಬಾಕಿ, ಕಸ್ತೂರಿ."

"ಅಲ್ಲಿ ಹ್ಯಾಂಗ ನಿಯಮ ಐತೋ ಹಂಗ ನಡೀತೈತ್ರಿ."

"ನಿಯಮ ಕೇಳಲಿಲ್ಲ ನಾ. ನಿನಗ ಏನ ಅನಸ್ತೈತಿ, ಅದನ್ನ ಹೇಳು."

ಕಸ್ತೂರಿ ಯೋಚಿಸಿ ನೋಡಿದಳು. ಅವನು ಕೇಳಿದ್ದಾನೆ, ನಿಜ ಹೇಳಬೇಕು. "ಏನೂ ಅನಸೂದಿಲ್ರಿ," ಎಂದಳು. ಯಮನೂರಪ್ಪ ಎದ್ದು ಹೋಗಿ, ಆರಿದ ಒಲೆಯ ಮೇಲಿದ್ದ ಸಾರನ್ನು ಸೌಟಿನಿಂದ ತಿರುವುತ್ತಾ ನಿಂತ.

ಸಂದರ್ಶನದ ಕೋಣೆಯಲ್ಲಿ ಹಿರಿಯ ಅಧಿಕಾರಿ ಕಿತ್ತೂರಮಠ ಸಾಹೇಬರು ನಡುವೆ ಕೂತಿದ್ದರು. ಅವರ ಎಡಕ್ಕೆ ಯಂತ್ರ ನೋಡಿಕೊಳ್ಳುವ ನಫೀಸಾ, ಬಲಕ್ಕೆ ಕಸ್ತೂರಿ. ಬೆಳಗಿನಿಂದ ಬಂದವರೆಲ್ಲ ಅದೇ ಮಮತೆಯ ಉತ್ತರ ಹೇಳಿದ್ದರು. ದೀಪ ಹತ್ತಿತ್ತು, ಕಸ್ತೂರಿ ಒತ್ತಿದ್ದಳು. ಎದ್ದು ಹೋಗುವಾಗ ಅವರ ಮುಖ ಕ್ಷೌರ ಮಾಡಿಸಿಕೊಂಡು ಎದ್ದವರ ಮುಖದ ಹಾಗೆ ಸ್ವಚ್ಛವಾಗಿ, ಸ್ವಲ್ಪ ಬೋಳಾಗಿ ಕಾಣುತ್ತಿತ್ತು.

ಮಲಪ್ರಭಾ ಬಂದು ಕೂತಳು. ನಫೀಸಾ ಪಟ್ಟಿ ಕಟ್ಟಿದಳು. ಸಾಹೇಬರು ಕೆಲಸಕ್ಕೆ ಸಂಬಂಧಿಸಿದ ಪ್ರಶ್ನೆ ಕೇಳಿದರು, ಹುಡುಗಿ ತಡವರಿಸದೆ ಉತ್ತರ ಹೇಳಿದಳು. ಸಾಹೇಬರು ಮೆಚ್ಚಿ ತಲೆ ಆಡಿಸಿ ಕಸ್ತೂರಿಯ ಕಡೆ ನೋಡಿದರು.

"ನಿಮ್ಮ ದೌರ್ಬಲ್ಯ ಏನು?" ಎಂದಳು ಕಸ್ತೂರಿ.

"ನಮ್ಮವ್ವ ಮತ್ತ ಮೊದಲಿನ ಹಂಗ ಆಗ್ತಾಳ ಅಂತ ದಾರಿ ನೋಡ್ತೀನ್ರಿ," ಎಂದಳು ಮಲಪ್ರಭಾ. ಸಂದರ್ಶನದ ಭಾಷೆಯನ್ನೂ ಮರೆತಿದ್ದಳು. "ಆಗೂದಿಲ್ಲ ಅಂತ ಗೊತ್ತೈತಿ. ಓದೀನಿ, ಡಾಕ್ಟರನ್ನೂ ಕೇಳೀನಿ. ಗೊತ್ತಿದ್ರೂ ದಿನಾ ಆಕಿ ಡ್ಯೂಟಿ ಮುಗಿಸಿ ಚಪ್ಪಲ್ ಬಿಡೋ ಸಪ್ಪಳಾ ಕೇಳಿದ್ರ ಎದ್ದು ಹೋಗಿ ಮಾರಿ ನೋಡ್ತೀನಿ. ಸಾಕಾಗೇತ್ರಿ. ಅದೊಂದು ತಗದ್ಬಿಡ್ರಿ. ನೌಕರಿ ಕೊಟ್ರ ಕೊಡ್ರಿ, ಬಿಟ್ರ ಬಿಡ್ರಿ. ನಾ ಬಂದಿದ್ದ ಅದಕ್ಕ."

ದೀಪ ಹತ್ತಿತು. ಬೆಳಗಿನಿಂದ ಹತ್ತಿದ ದೀಪಗಳೆಲ್ಲ ಇದರ ಮುಂದೆ ಮಂಕು. ನಫೀಸಾ ಕಣ್ಣಿಗೆ ಕೈ ಅಡ್ಡ ಹಿಡಿದಳು.

ಕಸ್ತೂರಿಯ ಬೆರಳು ಗುಂಡಿಯ ಮೇಲಿತ್ತು. ಹುಡುಗಿ ಕೇಳುತ್ತಿದ್ದಾಳೆ, ಬಾಯಿಬಿಟ್ಟು ಕೇಳುತ್ತಿದ್ದಾಳೆ. ಒತ್ತಿದರೆ ಅವಳ ಸಂಕಟ ಮುಗಿಯುತ್ತದೆ. ಒತ್ತದಿರಲು ಕಾರಣವೇನಿದೆ ಎಂದು ಕಸ್ತೂರಿ ತನ್ನೊಳಗೆ ಹುಡುಕಿದಳು. ಎದೆಯಲ್ಲಿ ಏನೂ ಸಿಗಲಿಲ್ಲ. ಸಿಕ್ಕಿದ್ದು ಕೆಲಸದ ಒಂದು ಪದ್ಧತಿ.

ಒಂದು ಊರಿಗೆ ಎರಡು ಲೈನಿನಿಂದ ಕರೆಂಟು ಹೋಗುತ್ತಿರುತ್ತದೆ ಎನ್ನಿ. ಅದರಲ್ಲಿ ಒಂದು ಸತ್ತಿದೆ. ಇನ್ನೊಂದರ ಮೇಲೆ ಭಾರವೆಲ್ಲ ಬಿದ್ದು ಅದು ಸುಡುತ್ತಿದೆ, ಕಿಡಿ ಹಾರುತ್ತಿದೆ. ಲೈನ್‌ಮನ್ ಫೋನು ಮಾಡಿ, ಇದನ್ನೂ ಸ್ವಲ್ಪ ಹೊತ್ತು ಬಂದ್ ಮಾಡಿ ಕೊಡ್ರಿ, ರಿಪೇರಿ ಮಾಡ್ತೀನಿ ಎಂದು ಗೋಗರೆಯುತ್ತಾನೆ. ಅದಕ್ಕೆ ಲೈನ್ ಕ್ಲಿಯರ್ ಕೇಳುವುದು ಎನ್ನುತ್ತಾರೆ. ಮೊದಲನೆಯ ಲೈನು ಎದ್ದು ಬರುವವರೆಗೆ ಕಂಟ್ರೋಲ್ ರೂಮಿನವರು ಅದನ್ನು ಕೊಡುವಂತಿಲ್ಲ. ಯಾರು ಅತ್ತರೂ ಕೊಡುವಂತಿಲ್ಲ. ಉಳಿದ ಆ ಒಂದನ್ನು ಕೈಯಾರೆ ತೆಗೆದರೆ ಊರು ಪೂರ್ತಿ ಕತ್ತಲು.

ಅವ್ವ ಮಗಳ ನಡುವೆಯೂ ಎರಡು ಲೈನಿದ್ದವು. ತನ್ನ ಕಡೆಯದು ಸತ್ತು ವರ್ಷಗಳಾದವು. ಈಗ ಕಿಡಿ ಹಾರುತ್ತಿರುವುದು ಇನ್ನೊಂದು.

ಕಸ್ತೂರಿ ಗುಂಡಿಯ ಮೇಲಿಂದ ಬೆರಳು ತೆಗೆದಳು.

"ಕ್ಲಿಯರ್ ಕೊಡಾಕ ಬರೂದಿಲ್ರಿ ಸರ್," ಎಂದಳು. "ಉಳದದ್ದು ಇದೊಂದ ಲೈನ್ ಐತಿ."

ಕಿತ್ತೂರಮಠ ಸಾಹೇಬರು ಕನ್ನಡಕ ತೆಗೆದರು. "ಏನಂದ್ರಿ? ದೀಪ ಹತ್ತೈತಿ, ಒತ್ರಿ."

"ಒತ್ತೂದಿಲ್ರಿ."

ದೀಪ ಉರಿಯುತ್ತಲೇ ಇತ್ತು, ಸ್ವಲ್ಪ ಹೊತ್ತಿಗೆ ತಾನಾಗಿ ಆರಿತು. ಮಣ್ಣು ಮತ್ತೆ ಮೊದಲಿನಂತೆ ಗಟ್ಟಿಯಾಯಿತು. ಮಲಪ್ರಭಾ ಕುರ್ಚಿಯ ಕೈ ಹಿಡಿದುಕೊಂಡು ತಾಯಿಯ ಮುಖ ನೋಡಿದಳು. ನಫೀಸಾ ಮೆಲ್ಲಗೆ, "ಸರ್, ಮೇಡಂದು ನೇವರಿಕಿ ಬಿಟ್ಟಿರಬಹುದು. ತಾಯಿ ಕರುಳು ವಾಪಸ್ ಬಂದಿರಬಹುದು," ಎಂದಳು. ಅವಳ ದನಿಯಲ್ಲಿ ಸಂತೋಷವೇ ಇತ್ತು.

ಮಲಪ್ರಭಾಳಿಗೂ ಅದು ಕೇಳಿಸಿತು. ಅವಳ ಮುಖದಲ್ಲಿ ಏನೋ ಎದ್ದು ನಿಂತದ್ದನ್ನು ಕಸ್ತೂರಿ ನೋಡಿದಳು.

"ಹಂಗಿದ್ರ ಪರೀಕ್ಷಾ ಮಾಡೇಬಿಡೂಣು," ಎಂದರು ಸಾಹೇಬರು. ಹುಡುಗಿ ಎದ್ದಳು, ಅದೇ ಕುರ್ಚಿಯಲ್ಲಿ ಕಸ್ತೂರಿ ಕೂತಳು. ಪಟ್ಟಿ ಇನ್ನೂ ಬೆಚ್ಚಗಿತ್ತು. ಮಗಳನ್ನ ನೆನಸ್ಕೊಳ್ರಿ ಎಂದಳು ನಫೀಸಾ. ನೆನೆಸಿಕೊಳ್ಳುವುದೇನು, ಎದುರಿಗೇ ನಿಂತಿದ್ದಾಳೆ. ಕಸ್ತೂರಿ ಅವಳನ್ನು ನೋಡಿದಳು. ಗಿಡ್ಡ ಕೂದಲು, ಅಂಗೈಯ ಕಲೆ, ಒದ್ದೆ ಕಣ್ಣು. ಸೀನಿದ್ದು, ಚೀರಿದ್ದು, ಹಾಲು ಕುಡಿದದ್ದು ಎಲ್ಲವನ್ನೂ ಒಂದೊಂದಾಗಿ ಮುಂದಕ್ಕೆ ತಂದುಕೊಂಡಳು. ಅವಳು ಕಳ್ಳಾಟವೇನೂ ಆಡಲಿಲ್ಲ, ಮನಸ್ಸಿಟ್ಟು ಪ್ರಯತ್ನ ಮಾಡಿದಳು.

ದೀಪ ಹತ್ತಲಿಲ್ಲ. ನಫೀಸಾ ತಂತಿ ಸಡಿಲವಿದೆಯೇನೋ ಎಂದು ಬಿಚ್ಚಿ ಕಟ್ಟಿದಳು. ಮಿಣುಕು ಕೂಡ ಇಲ್ಲ.

"ಏನೂ ಇಲ್ಲ," ಎಂದರು ಸಾಹೇಬರು. ಅವರಿಗೆ ನಿಜಕ್ಕೂ ತಲೆ ಕೆಟ್ಟಿತ್ತು. "ಮತ್ತ ಯಾಕ ಒತ್ತಲಿಲ್ರಿ? ನಿಮಗೇನೂ ಅನಿಸಿಲ್ಲ ಅಂತ ಯಂತ್ರಾನ ಹೇಳಾಕತ್ತೈತಿ."

"ಅನಿಸಿಲ್ರಿ," ಎಂದಳು ಕಸ್ತೂರಿ. "ಒತ್ತೂದು ತಪ್ಪಿತ್ತು, ಅಷ್ಟ."

ಮಲಪ್ರಭಾ ಬಾಗಿಲು ತಳ್ಳಿಕೊಂಡು ಹೊರಗೆ ಹೋದಳು. ಸಾಹೇಬರು ಕಸ್ತೂರಿಯನ್ನು ಇನ್ನು ಮುಂದೆ ಸಂದರ್ಶನಕ್ಕೆ ಕೂರಿಸುವುದಿಲ್ಲ ಎಂದರು. ಹುಡುಗಿಗೆ ಈ ಕೆಲಸ ಸಿಗುವುದಿಲ್ಲ ಎಂದೂ ಹೇಳಿದರು. ಎರಡಕ್ಕೂ ಆತ್ರಿ ಎಂದು ಕಸ್ತೂರಿ ತನ್ನ ಚೀಲ ತೆಗೆದುಕೊಂಡಳು.

ಧಾರವಾಡದ ಬಸ್ಸಿನಲ್ಲಿ ಮಲಪ್ರಭಾ ಕಿಟಕಿಗೆ ಕೂತಿದ್ದಳು. ಪಕ್ಕದ ಸೀಟಿನ ಮೇಲೆ ತನ್ನ ಚೀಲ ಇಟ್ಟಿದ್ದಳು. ಕಸ್ತೂರಿ ಮೇಲಿನ ಸರಳು ಹಿಡಿದು ನಿಂತಳು. ಬಸ್ಸು ಹೊರಟಿತು. ನವನಗರ ದಾಟಿತು.

"ನನಗ ಅದು ಹೋಗಬೇಕಿತ್ತು," ಎಂದಳು ಮಲಪ್ರಭಾ, ಗಾಜಿನ ಕಡೆ ಮುಖ ಮಾಡಿ. "ನಿನಗೇನ ನಷ್ಟ ಆಗ್ತಿತ್ತು? ನಿನಗ ಗೊತ್ತಾಗ್ತಿತ್ತೇನ ಹೋಗೇತಿ ಅಂತ?"

"ಇಲ್ಲ."

"ನಿನಗೇನರ ಅನಿಸಿ ಬಿಟ್ಟಿದ್ರ ಬ್ಯಾರೆ ಮಾತು. ಆ ದೀಪ ಒಂದ್ ಸರ್ತಿ, ಒಂದ ಸರ್ತಿ ಮಿಣಕಂದಿದ್ರ..." ಮುಂದಿನ ಸೀಟಿನ ಮುದುಕ ತಿರುಗಿ ನೋಡಿ, ಮತ್ತೆ ಮುಂದಕ್ಕೆ ತಿರುಗಿಕೊಂಡ. ಅವಳು ಸೆರಗಿಲ್ಲದ ಡ್ರೆಸ್ಸಿನ ತೋಳಿಗೆ ಮೂಗು ಒರೆಸಿಕೊಂಡಳು. "ಇನ್ನೂ ಎಷ್ಟ್ ವರ್ಷ ನೋಡ್ಕೋತ ಕುಂದರಲಿ ಯವ್ವಾ? ಹೇಳು. ನೀ ಸುಳ್ಳ ಹೇಳೂದಿಲ್ಲ, ಅದನ್ನರ ಹೇಳು."

ಕಸ್ತೂರಿ ಉತ್ತರ ಹುಡುಕಿದಳು. ಮಗಳನ್ನು ಸಮಾಧಾನ ಮಾಡುವ ಮಾತು ಯಾವುದು ಎಂದು ಅವಳಿಗೆ ಗೊತ್ತಿತ್ತು, ಬಾಯಿಗೆ ಬರುವಷ್ಟು ಹತ್ತಿರವೂ ಇತ್ತು. ಅದು ಸುಳ್ಳಾಗುತ್ತಿತ್ತು.

"ನಾ ತಿರುಗಿ ಬರ್ತೀನಂತ ಹೇಳಾಕ ಆಗೂದಿಲ್ಲ ಪ್ರಭಾ," ಎಂದಳು. "ನೀ ಎಲ್ಲಿ ಕುಂತ ದಾರಿ ನೋಡ್ತೀ, ಅದನ್ನ ಹೇಳು. ಡ್ಯೂಟಿ ಮುಗದ ಮ್ಯಾಲ ಅಲ್ಲೇ ಬಂದು ಕುಂದರತೀನಿ."

ಮಲಪ್ರಭಾ ತಿರುಗಿ ಅವಳನ್ನು ನೋಡಿದಳು. ಬಹಳ ಹೊತ್ತು ನೋಡಿದಳು. ಎಂದಿನಂತೆಯೇ ಆ ಮುಖದಲ್ಲಿ ಏನೂ ಇರಲಿಲ್ಲ. ಬಸ್ಸು ನಿಂತಿತು, ಜನ ಇಳಿದರು, ಬೇರೆ ಜನ ಹತ್ತಿದರು. ಸೀಟು ಹುಡುಕುತ್ತಾ ಬಂದ ಹೆಂಗಸೊಬ್ಬಳು ಚೀಲದ ಕಡೆ ಕೈ ತೋರಿಸಿ, "ಇಲ್ಲಿ ಯಾರರ ಬರ್ತಾರೇನವಾ?" ಎಂದು ಕೇಳಿದಳು.

"ಬರ್ತಾರ್ರಿ," ಎಂದಳು ಮಲಪ್ರಭಾ. ಚೀಲವನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

ಕಸ್ತೂರಿ ಕೂತಳು.